ಕೈಗೆಟಕುವಲ್ಲಿ ಇರಲಿ: ಸಣ್ಣ ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ಬಗೆ

ನಾನು ಸ್ಟಾಫ್ ನರ್ಸ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಸಿಸೇರಿಯನ್ ಆದ ಏಳು ಜನ ಬಾಣಂತಿಯರು ಒಂದೇ ಸಾಲಿನಲ್ಲಿ ಮಲಗಿದ್ದರು. ಬೆಳಿಗ್ಗೆ ಡ್ರೆಸ್ಸಿಂಗ್ ಮಾಡುವ ಪಾಳಿ ನನ್ನದು. ಒಂದು ಜೊತೆ ಗ್ಲೌಸ್ ಹಾಕಿಕೊಂಡು ಮೊದಲನೆಯ ಮಂಚದಿಂದ ಏಳನೆಯದರವರೆಗೆ ಹೋದೆ. ಟ್ರಾಲಿಯ ಮೇಲೆ ಸ್ಪಿರಿಟ್‌ನಲ್ಲಿ ನೆನೆಸಿದ ಹತ್ತಿಯುಂಡೆಗಳ ಸ್ಟೀಲ್ ಬಟ್ಟಲಿತ್ತು. ಪ್ರತಿ ಗಾಯ ಮುಟ್ಟಿದ ಮೇಲೂ ಅದೇ ಕೈ ಆ ಬಟ್ಟಲಿಗೆ ಹೋಗುತ್ತಿತ್ತು. ನಾಲ್ಕೈದು ದಿನಗಳಲ್ಲಿ ಮೂವರ ಹೊಲಿಗೆಯಲ್ಲಿ ಕೀವು ಕಟ್ಟಿತು. ಒಬ್ಬಾಕೆಯ ಅತ್ತೆ ಮಂಚದ ಪಕ್ಕ ನಿಂತು, "ಯಾರೋ ಬದನೆಕಾಯಿ ತಿನ್ನಿಸಿರಬೇಕು, ಅದಕ್ಕೇ ನಂಜಾಗಿದೆ" ಎಂದು ಸೊಸೆಯನ್ನು ಗದರಿಸುತ್ತಿದ್ದರು. ನಮ್ಮ ಹಿರಿಯ ಸಿಸ್ಟರ್ ಏನೂ ಹೇಳಲಿಲ್ಲ. ಆ ಸ್ಟೀಲ್ ಬಟ್ಟಲನ್ನು ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದರು. ನಂಜು ಯಾವ ದಾರಿಯಲ್ಲಿ ಬಂದಿರಬಹುದು ಎಂದು ನನಗೆ ಅರ್ಥವಾಯಿತು. ಆ ಸೊಸೆಯ ಮುಖ ಇನ್ನೂ ಕಣ್ಣ ಮುಂದಿದೆ.

ಒಂದು ಕಾಯಿಲೆಗೆಂದು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇನ್ನೊಂದು ಅಂಟುವುದು ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ, ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ ನೂರು ಜನರಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಒಂದಲ್ಲ ಒಂದು ಸೋಂಕು ಆಸ್ಪತ್ರೆಯ ಒಳಗೇ ತಗುಲುತ್ತದೆ. ಇದರಲ್ಲಿ ದೊಡ್ಡ ಪಾಲನ್ನು ದುಬಾರಿ ಯಂತ್ರಗಳಿಲ್ಲದೆಯೇ ತಡೆಯಬಹುದು. ಈ ಬರಹ ಮೂವತ್ತರಿಂದ ನೂರು ಹಾಸಿಗೆಯ ಆಸ್ಪತ್ರೆಗಳಿಗೆ, ಅಂದರೆ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ, ಪೇಟೆಯ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಸಿಸ್ಟರ್‌ಗಳು, ಡಾಕ್ಟರುಗಳು ಮತ್ತು ಗ್ರೂಪ್ ಡಿ ನೌಕರರಿಗಾಗಿ. ರೋಗಿಯ ಜೊತೆ ಉಳಿಯುವ ಮನೆಯವರಿಗೂ ಒಂದು ಭಾಗವಿದೆ.

ಮೊದಲ ಹೆಜ್ಜೆ: ಒಂದು ಗಂಟೆ ಸುಮ್ಮನೆ ಕೂತು ನೋಡಿ

ಗೋಡೆಗೆ ಪೋಸ್ಟರ್ ಅಂಟಿಸುವ ಮೊದಲು ಇದನ್ನು ಮಾಡಿ. ಬೆಳಗಿನ ಡ್ಯೂಟಿಯ ಹೊತ್ತಿನಲ್ಲಿ ವಾರ್ಡಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಸಿಸ್ಟರ್‌ನ ಕೈಗಳನ್ನಷ್ಟೇ ಹಿಂಬಾಲಿಸಿ. ಆ ಕೈ ಏನೇನು ಮುಟ್ಟಿತು ಎಂದು ಬರೆಯುತ್ತಾ ಹೋಗಿ: ಕೇಸ್ ಶೀಟ್, ಬಿ.ಪಿ. ಪಟ್ಟಿ, ರೋಗಿಯ ತೋಳು, ಕ್ಯಾನುಲಾ (ಡ್ರಿಪ್‌ಗೆಂದು ನರದೊಳಗೆ ಬಿಡುವ ಸಣ್ಣ ನಳಿಕೆ), ಪರದೆ, ಮೊಬೈಲ್, ಮುಂದಿನ ರೋಗಿಯ ತೋಳು. ನಂತರ ಎದ್ದು, ಅವರು ನಿಂತ ಜಾಗದಿಂದ ನಲ್ಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ನಲ್ಲಿಯಲ್ಲಿ ನೀರಿದೆಯೇ, ಸೋಪಿದೆಯೇ, ಕೈ ಒರೆಸಲು ಏನಿದೆ ಎಂದೂ ನೋಡಿ.

ನಲವತ್ತು ರೋಗಿಗಳಿಗೆ ಇಬ್ಬರು ಸಿಸ್ಟರ್‌ಗಳಿರುವ ವಾರ್ಡಿನಲ್ಲಿ ನಲ್ಲಿ ಇಪ್ಪತ್ತೈದು ಹೆಜ್ಜೆ ದೂರವಿದ್ದರೆ ಕೈ ತೊಳೆಯುವುದು ಆಗುವ ಮಾತಲ್ಲ. ಸೋಪು ಹಚ್ಚಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಹೋಗಿ ಬರುವ ಹೊತ್ತನ್ನೂ ಸೇರಿಸಿ ಗುಣಿಸಿದರೆ ಪಾಳಿಯ ದೊಡ್ಡ ಭಾಗ ಅದರಲ್ಲೇ ಕಳೆಯುತ್ತದೆ. ಬೈದರೆ, ಮೆಮೋ ಕೊಟ್ಟರೆ ಇದು ಬದಲಾಗುವುದಿಲ್ಲ. ಸ್ವಿಟ್ಜರ್‌ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1994ರಿಂದ 1997ರವರೆಗೆ ಡಿಡಿಯೆ ಪಿಟೆ ಮತ್ತವರ ತಂಡ ಹಾಸಿಗೆಯ ಬಳಿಯಲ್ಲೇ ಆಲ್ಕೋಹಾಲ್ ಹ್ಯಾಂಡ್ ರಬ್ (ಸ್ಯಾನಿಟೈಸರ್) ಇಡಿಸಿ, ಅದರ ಬಗ್ಗೆ ಎಡೆಬಿಡದೆ ತಿಳಿವಳಿಕೆ ಕೊಟ್ಟಿತು. ಕೈ ಶುಚಿಗೊಳಿಸುವವರ ಪ್ರಮಾಣ ಶೇ. 48ರಿಂದ 66ಕ್ಕೆ ಏರಿತು. ಆಸ್ಪತ್ರೆಯೊಳಗಿನ ಸೋಂಕು ಶೇ. 16.9ರಿಂದ 9.9ಕ್ಕೆ ಇಳಿಯಿತು. ಮುಂದೆ ಹೇಳುವ ಪ್ರತಿಯೊಂದು ಕೆಲಸದಲ್ಲೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಮಾಡಬೇಕಾದವರ ಕೈಗೆ ಬೇಕಾದ ವಸ್ತು ಬೇಕಾದ ಗಳಿಗೆಯಲ್ಲಿ ಎಟಕುತ್ತದೆಯೇ?

ಕೈ: ಯಾವಾಗ, ಹೇಗೆ

ಪ್ರತಿ ಮಂಚದ ಕಾಲಬದಿಗೆ, ಸಾಧ್ಯವಾಗದಿದ್ದರೆ ಎರಡು ಮಂಚಗಳ ನಡುವೆ ಒಂದು ಹ್ಯಾಂಡ್ ರಬ್ ಬಾಟಲಿ ಇರಲಿ. ಡ್ರೆಸ್ಸಿಂಗ್ ಟ್ರಾಲಿಯಲ್ಲಿ, ಇಂಜೆಕ್ಷನ್ ಕೊಠಡಿಯಲ್ಲಿ, ಡಾಕ್ಟರ ಮೇಜಿನ ಮೇಲೆ ಒಂದೊಂದು. ಕಳುವಾಗುತ್ತದೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ ಬಾಟಲಿಯಿಂದ ಯಾರಿಗೂ ಉಪಯೋಗವಿಲ್ಲ. ತಂತಿಯ ಬಳೆ ಮಾಡಿಸಿ ಮಂಚಕ್ಕೆ ಕಟ್ಟಿ.

ಯಾವಾಗ ಬಳಸಬೇಕು ಎನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಐದು ಗಳಿಗೆಗಳನ್ನು ಗುರುತಿಸಿದೆ. ರೋಗಿಯನ್ನು ಮುಟ್ಟುವ ಮೊದಲು. ಕ್ಯಾನುಲಾ ಹಾಕುವುದು, ಗಾಯ ತೊಳೆಯುವುದು ಇಂಥ ಶುದ್ಧವಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು. ರಕ್ತ, ಮೂತ್ರ, ಕಫ ತಾಗಿರಬಹುದಾದ ಕೆಲಸದ ನಂತರ. ರೋಗಿಯನ್ನು ಮುಟ್ಟಿದ ನಂತರ. ರೋಗಿಯ ಮಂಚ, ಲಾಕರ್, ಡ್ರಿಪ್ ಸ್ಟ್ಯಾಂಡ್ ಮುಟ್ಟಿದ ನಂತರ. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಇದನ್ನು ಮುಸುರೆಯ ಲೆಕ್ಕದಲ್ಲಿ ಹೇಳಿಕೊಡುತ್ತಿದ್ದೆ. ಅನ್ನದ ಪಾತ್ರೆಗೆ ಕೈ ಹಾಕಿದ ಮೇಲೆ ಕೈ ತೊಳೆಯದೆ ಉಪ್ಪಿನಕಾಯಿ ಜಾಡಿ ಮುಟ್ಟಲು ನಮ್ಮ ಅಜ್ಜಿಯರು ಬಿಡುತ್ತಿರಲಿಲ್ಲ. ಕೈಯಲ್ಲಿ ಕೊಳೆ ಕಾಣುತ್ತಿತ್ತು ಎಂದಲ್ಲ. ಇದನ್ನು ಮುಟ್ಟಿದ ಕೈ ಅದನ್ನು ಮುಟ್ಟಿದರೆ ಜಾಡಿಯಲ್ಲಿ ಬೂಸ್ಟು ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೈ ಎಷ್ಟು ಕೊಳೆಯಾಗಿದೆ ಎನ್ನುವುದಕ್ಕಿಂತ, ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎನ್ನುವುದನ್ನು ನೋಡಬೇಕು.

ಹೇಗೆ ಎಂದರೆ: ಅಂಗೈ ತುಂಬುವಷ್ಟು ರಬ್ ತೆಗೆದುಕೊಳ್ಳಿ, ಎರಡು ಹನಿ ಸಾಲದು. ಅಂಗೈಗೆ ಅಂಗೈ, ಮುಂಗೈ ಬೆನ್ನು, ಬೆರಳ ಸಂದಿ, ಮಡಿಸಿದ ಬೆರಳುಗಳ ಹಿಂಭಾಗ, ಹೆಬ್ಬೆರಳು, ಕೊನೆಗೆ ಬೆರಳ ತುದಿಗಳನ್ನು ಇನ್ನೊಂದು ಅಂಗೈಯಲ್ಲಿ ತಿರುಗಿಸಿ ಉಜ್ಜಿ. ತಾನಾಗಿ ಒಣಗುವವರೆಗೆ, ಅಂದರೆ 20ರಿಂದ 30 ಸೆಕೆಂಡ್. ಸೀರೆಗೋ ಏಪ್ರನ್ನಿಗೋ ಒರೆಸಿಕೊಳ್ಳಬೇಡಿ. ಹೆಬ್ಬೆರಳು ಮತ್ತು ಬೆರಳ ತುದಿಗಳೇ ಸಾಮಾನ್ಯವಾಗಿ ತಪ್ಪಿಹೋಗುವ ಜಾಗಗಳು. ರೋಗಿಯ ಮೈಗೆ ಮೊದಲು ತಾಗುವುದೂ ಅವೇ.

ಕೈಯಲ್ಲಿ ರಕ್ತವೋ ಕೊಳೆಯೋ ಕಣ್ಣಿಗೆ ಕಾಣುತ್ತಿದ್ದರೆ, ಶೌಚಾಲಯಕ್ಕೆ ಹೋಗಿ ಬಂದಿದ್ದರೆ, ಭೇದಿಯ ರೋಗಿಯನ್ನು ನೋಡಿದ್ದರೆ ಸೋಪು ನೀರೇ ಆಗಬೇಕು. ಆ್ಯಂಟಿಬಯಾಟಿಕ್ ಹೆಚ್ಚಾಗಿ ಕೊಟ್ಟವರಲ್ಲಿ ಕಾಣುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಭೇದಿಯ ಬೀಜಾಣುಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಉಜ್ಜಿ ತೊಳೆದು ನೀರಿನಲ್ಲಿ ಹರಿಯಬಿಡಬೇಕು. ಸಿಂಕಿನ ಬಳಿ ನೇತುಹಾಕಿದ, ಎಲ್ಲರೂ ಒರೆಸುವ ಆ ಒಂದು ಟವೆಲ್ ಅನ್ನು ಇಂದೇ ತೆಗೆಯಿರಿ. ಪೇಪರ್ ಟವೆಲ್ ಕೊಳ್ಳಲು ಆಗದಿದ್ದರೆ ಹಳೆಯ ಕಾಟನ್ ಬಟ್ಟೆಯನ್ನು ಅಂಗೈ ಅಗಲದ ತುಂಡುಗಳಾಗಿ ಹೊಲಿಸಿ, ಒಂದು ಸಲ ಬಳಸಿದ್ದನ್ನು ಒಗೆಯಲು ಹಾಕಿ.

ಬಳೆ, ಉಂಗುರ, ವಾಚು ಮೊಣಕೈಯಿಂದ ಕೆಳಗೆ ಬೇಡ. ಮದುವೆಯಾದ ಹೆಣ್ಣುಮಕ್ಕಳಿಗೆ ಬರಿಗೈಯಲ್ಲಿರಲು ಎಷ್ಟು ಕಸಿವಿಸಿ ಎಂದು ನನಗೆ ಗೊತ್ತು. ಡ್ಯೂಟಿಗೆ ಬಂದಾಗ ಬಿಚ್ಚಿ ಪರ್ಸಿನಲ್ಲಿಟ್ಟು, ಹೋಗುವಾಗ ಹಾಕಿಕೊಳ್ಳಿ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ.

ರಬ್ ಕೊಳ್ಳಲು ಹಣವಿಲ್ಲ ಎನ್ನುವ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ತಯಾರಿಸಿಕೊಳ್ಳಬಹುದಾದ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕೊಟ್ಟಿದೆ. 10 ಲೀಟರಿಗೆ ಶೇ. 99.8ರ ಐಸೊಪ್ರೊಪೈಲ್ ಆಲ್ಕೋಹಾಲ್ 7,515 ಮಿ.ಲೀ., ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಶೇ. 98ರ ಗ್ಲಿಸರಾಲ್ 145 ಮಿ.ಲೀ., ಉಳಿದದ್ದು ಕುದಿಸಿ ಆರಿಸಿದ ನೀರು. ಸೀಸೆಗೆ ತುಂಬಿ 72 ಗಂಟೆ ಬಿಟ್ಟು ಬಳಸಬೇಕು. ಬೆಂಕಿ, ಸ್ಟೌ ಹತ್ತಿರ ಸುಳಿಯಬಾರದು.

ಗ್ಲೌಸ್ ಬಗ್ಗೆ ಒಂದೇ ಮಾತು. ಅದು ಹಾಕಿಕೊಂಡವರನ್ನು ಕಾಪಾಡುತ್ತದೆಯೇ ಹೊರತು, ಅದರಲ್ಲೇ ಮುಂದಿನ ಮಂಚಕ್ಕೆ ಹೋದರೆ ರೋಗಿಯನ್ನಲ್ಲ. ಒಬ್ಬ ರೋಗಿಗೆ ಒಂದು ಜೊತೆ. ತೆಗೆದ ಮೇಲೂ ಕೈಗೆ ರಬ್ ಹಚ್ಚಬೇಕು.

ಸೂಜಿ, ಸೀಸೆ, ಡ್ರಿಪ್

ಉಪ್ಪಿನಕಾಯಿ ಜಾಡಿಯ ಮಾತು ಇಲ್ಲಿ ಇನ್ನೂ ಹೆಚ್ಚು ಸಲ್ಲುತ್ತದೆ. ಹಲವರಿಗೆ ಬಳಸುವ ಔಷಧದ ಸೀಸೆ, ಅಂದರೆ ಇನ್ಸುಲಿನ್, ಲಿಗ್ನೊಕೇನ್, ಹೆಪಾರಿನ್, ಎಲ್ಲವೂ ಆ ಜಾಡಿಯೇ. ಒಂದು ಸಲ ಮಲಿನವಾದರೆ ಎಷ್ಟು ಜನರಿಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಪ್ರತಿ ಸಲವೂ ಹೊಸ ಸೂಜಿ, ಹೊಸ ಸಿರಿಂಜು. ಸೂಜಿ ಬದಲಿಸಿ ಅದೇ ಸಿರಿಂಜಿನಲ್ಲಿ ಇನ್ನೊಬ್ಬರಿಗೆ ಕೊಡುವುದು ಒಂದೇ ಸೂಜಿಯಲ್ಲಿ ಚುಚ್ಚಿದಷ್ಟೇ ಅಪಾಯ, ಏಕೆಂದರೆ ರಕ್ತ ಸಿರಿಂಜಿನೊಳಗೂ ಹಿಂದೆ ಸರಿದಿರುತ್ತದೆ. ಸೀಸೆಯ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿಯನ್ನು ಚುಚ್ಚಿಯೇ ಬಿಟ್ಟು, ಬಂದವರೆಲ್ಲ ಅದರಿಂದ ಎಳೆದುಕೊಳ್ಳುವ ರೂಢಿ ಎಷ್ಟೋ ಕಡೆ ಇದೆ. ಕಂಡ ತಕ್ಷಣ ಆ ಸೀಸೆಯನ್ನೇ ಎಸೆಯಿರಿ. ಸೀಸೆ ತೆರೆದ ದಿನಾಂಕ, ಹೊತ್ತು ಬರೆದಿರಲಿ. ಪ್ರತಿ ಸಲ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಚುಚ್ಚಿ.

ಔಷಧ ಕಲಸಲೆಂದು ಒಂದು ಸಲೈನ್ ಬಾಟಲಿ ನೇತುಹಾಕಿ ಇಡೀ ವಾರ್ಡಿಗೆ ಅದರಿಂದಲೇ ಎಳೆಯುವುದೂ ಇದೇ ತಪ್ಪು. ಪುಟ್ಟ ಡಿಸ್ಟಿಲ್ಡ್ ವಾಟರ್ ಆಂಪುಲ್‌ಗಳನ್ನು ಹೆಚ್ಚು ತರಿಸಿ. ದಾಸ್ತಾನು ಕಡಿಮೆಯಾದಾಗಲೇ ಬಾಟಲಿ ನೇತಾಡಲು ಶುರುವಾಗುತ್ತದೆ. ಆದ್ದರಿಂದ ಸ್ಟೋರ್ ನೋಡಿಕೊಳ್ಳುವವರನ್ನೂ ನಿಮ್ಮ ಸಭೆಗೆ ಕರೆಯಿರಿ. ನನ್ನ ಮೊದಲ ವರ್ಷದ ಆ ಹತ್ತಿಯುಂಡೆ ಬಟ್ಟಲು ಈಗಲೂ ಹಲವೆಡೆ ಇದೆ. ಹತ್ತಿಯನ್ನು ಒಣಗಿಯೇ ಇಟ್ಟು, ಬೇಕಾದಾಗ ಒಂದೊಂದನ್ನೇ ಒದ್ದೆ ಮಾಡಿಕೊಳ್ಳಿ.

ಕ್ಯಾನುಲಾ ಹಾಕುವಾಗ ಚರ್ಮಕ್ಕೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡೀನ್ ಅಥವಾ ಸ್ಪಿರಿಟ್ ಹಚ್ಚಿ, ಒಣಗಲು ಬಿಡಿ. ಕ್ರಿಮಿ ಸಾಯಲು ಆ ಹೊತ್ತು ಬೇಕು. ಒರೆಸಿದ ಮೇಲೆ ನರ ಹುಡುಕಲು ಮತ್ತೆ ಬೆರಳಿಟ್ಟರೆ ಒರೆಸಿದ್ದು ವ್ಯರ್ಥ. ಪ್ಲಾಸ್ಟರಿನ ಮೇಲೆ ದಿನಾಂಕ ಬರೆಯಿರಿ. ಔಷಧ ಕೊಡುವ ಮುನ್ನ ಕ್ಯಾನುಲಾದ ಬಾಯನ್ನು ಸ್ಪಿರಿಟ್ ಹತ್ತಿಯಿಂದ 15 ಸೆಕೆಂಡ್ ತಿಕ್ಕಿ. ಪ್ರತಿ ಪಾಳಿಯಲ್ಲಿ ಒಮ್ಮೆ ಆ ಜಾಗವನ್ನು ನೋಡಿ, ಮುಟ್ಟಿ: ಕೆಂಪು, ಊತ, ನೋವು ಕಂಡರೆ ತೆಗೆಯಿರಿ. "ಇರಲಿ, ನಾಳೆ ಬೇಕಾಗಬಹುದು" ಎಂದು ಬಿಟ್ಟ ಕ್ಯಾನುಲಾಗಳಿಂದ ರಕ್ತಕ್ಕೆ ನಂಜು ಏರಿದವರನ್ನು ನಾನು ಕಂಡಿದ್ದೇನೆ. ಮಾತ್ರೆ ನುಂಗಲು ಆಗುವವರಿಗೆ ಡ್ರಿಪ್ ಬೇಡ ಎಂದು ಡಾಕ್ಟರಿಗೆ ನೆನಪಿಸುವುದೂ ಸೋಂಕು ತಡೆಯುವ ಕೆಲಸವೇ. "ಒಂದು ಗ್ಲೂಕೋಸ್ ಹಾಕ್ಸಿ, ಸಿಸ್ಟರ್" ಎಂದು ಕೇಳಿಕೊಳ್ಳುವ ಮನೆಯವರಿಗೆ, ಕೂತು ಎರಡು ನಿಮಿಷ ಇದನ್ನು ಹೇಳಬೇಕು.

ಮೂತ್ರದ ಚೀಲ

ಕ್ಯಾಥೆಟರ್, ಅಂದರೆ ಮೂತ್ರ ಹೋಗಲು ಹಾಕುವ ನಳಿಕೆ, ಎಷ್ಟು ದಿನ ಇರುತ್ತದೋ ಸೋಂಕಿನ ಸಾಧ್ಯತೆ ಅಷ್ಟು ಏರುತ್ತದೆ. ಬೆಳಗಿನ ರೌಂಡ್ಸ್‌ನಲ್ಲಿ ಪ್ರತಿ ದಿನ ಒಂದು ಪ್ರಶ್ನೆ ಕೇಳಿ: "ಸಾರ್, ಇವರಿಗೆ ಇದು ಇನ್ನೂ ಬೇಕಾ?" ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಸ್ಟ್ರೆಚರ್ ಮೇಲೆ ಸ್ಕ್ಯಾನಿಂಗ್‌ಗೆ ಒಯ್ಯುವಾಗ ಚೀಲವನ್ನು ರೋಗಿಯ ಹೊಟ್ಟೆಯ ಮೇಲೆ ಇಡುವ ಅಭ್ಯಾಸವಿದೆ. ಚೀಲದ ಮೂತ್ರ ಹಿಂದಕ್ಕೆ ಹರಿಯುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಪ್ರತಿ ರೋಗಿಗೆ ಬೇರೆ ಜಗ್. ಒಂದೇ ಜಗ್ ಸಾಲಿನಲ್ಲಿ ಸಾಗಿದರೆ ಸೋಂಕೂ ಅದರೊಂದಿಗೆ ಸಾಗುತ್ತದೆ. ನಳಿಕೆ ಮತ್ತು ಚೀಲದ ಜೋಡಣೆಯನ್ನು ಬಿಚ್ಚಬೇಡಿ.

ನೆಲ, ಮಂಚ, ಬ್ಲೀಚಿಂಗ್ ಲೆಕ್ಕ

ಒಣ ಪೊರಕೆ ವಾರ್ಡಿನೊಳಗೆ ಬೇಡ. ಅದು ದೂಳನ್ನು ಎಬ್ಬಿಸಿ ಗಾಯಗಳ ಮೇಲೆ ಕೂರಿಸುತ್ತದೆ. ಒದ್ದೆ ಮಾಪ್‌ನಿಂದ ಶುಚಿಯಾದ ಕಡೆಯಿಂದ ಕೊಳೆಯ ಕಡೆಗೆ, ಎತ್ತರದಿಂದ ತಗ್ಗಿಗೆ ಒರೆಸುತ್ತ ಬರಬೇಕು, ಶೌಚಾಲಯ ಕೊನೆಗೆ. ಮೂರು ಬಕೆಟ್ ಇರಲಿ: ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಮಾಪ್ ಜಾಲಾಡಲು ಬರಿ ನೀರು, ಮೂರನೆಯದರಲ್ಲಿ ಕ್ರಿಮಿನಾಶಕ. ಶೌಚಾಲಯದ ಮಾಪ್ ಬೇರೆ, ಆಪರೇಷನ್ ಥಿಯೇಟರಿನದು ಬೇರೆ. ಕೋಲಿಗೆ ಬಣ್ಣದ ಟೇಪ್ ಸುತ್ತಿದರೆ ಓದು ಬಾರದವರಿಗೂ ಗುರುತು ಸಿಗುತ್ತದೆ. ಕೆಲಸ ಮುಗಿದ ಮೇಲೆ ಮಾಪ್‌ ಅನ್ನು ಒಗೆದು ಬಿಸಿಲಿಗೆ ನೇತುಹಾಕಿ.

ನೆಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಕೈ ತಾಗುವ ಜಾಗಗಳಿಗೆ. ಮಂಚದ ಕಂಬಿ, ಲಾಕರ್ ಹಿಡಿ, ಸ್ವಿಚ್, ಬಾಗಿಲ ಚಿಲಕ, ಡ್ರಿಪ್ ಸ್ಟ್ಯಾಂಡ್, ಬಿ.ಪಿ. ಪಟ್ಟಿ, ಸ್ಟೆತಸ್ಕೋಪ್. ನೆಲ ಫಳಫಳ ಹೊಳೆಯುವ ಎಷ್ಟೋ ವಾರ್ಡುಗಳಲ್ಲಿ ಮಂಚದ ಕಂಬಿಯನ್ನು ತಿಂಗಳುಗಟ್ಟಲೆ ಯಾರೂ ಒರೆಸಿರುವುದಿಲ್ಲ, ಏಕೆಂದರೆ ಮೇಲಧಿಕಾರಿ ಬಂದಾಗ ನೆಲ ನೋಡುತ್ತಾರೆ.

ಈಗ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಮತ್ತು ಬ್ಲೀಚಿಂಗ್ ಪುಡಿಯ ಲೆಕ್ಕ. "ಸ್ವಲ್ಪ ಹಾಕಿ ಕಲಸು" ಎಂದರೆ ಒಂದೋ ನೀರು ಸಪ್ಪೆ, ಇಲ್ಲವೇ ಆಯಮ್ಮನ ಕೈ ಸುಟ್ಟು ಕಣ್ಣುರಿ. ಸೀಸೆಯ ಮೇಲೆ ಎಷ್ಟು ಶೇಕಡಾ ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು ನಿಮಗೆ ಬೇಕಾದ ಶೇಕಡಾದಿಂದ ಭಾಗಿಸಿ, ಒಂದು ಕಳೆಯಿರಿ. ಅಷ್ಟು ಪಾಲು ನೀರು. ಶೇ. 5ರ ಹೈಪೋದಿಂದ ಶೇ. 0.5 ಬೇಕೆಂದರೆ ಹತ್ತರಲ್ಲಿ ಒಂದು ಹೋದರೆ ಒಂಬತ್ತು: ಒಂದು ಮಗ್ ಹೈಪೋ, ಒಂಬತ್ತು ಮಗ್ ನೀರು. ಶೇ. 10ರದ್ದಾದರೆ ಒಂದಕ್ಕೆ ಹತ್ತೊಂಬತ್ತು. ಪುಡಿಯಲ್ಲಿ ಶೇ. 30 ಕ್ಲೋರಿನ್ ಇದ್ದರೆ ಶೇ. 0.5ಕ್ಕೆ ಲೀಟರಿಗೆ ಸುಮಾರು 17 ಗ್ರಾಂ, ಶೇ. 1ಕ್ಕೆ 33 ಗ್ರಾಂ. ಒಮ್ಮೆ ತೂಗಿ, ಆ ಅಳತೆಯ ಮುಚ್ಚಳವನ್ನು ಡಬ್ಬಿಗೇ ದಾರ ಕಟ್ಟಿ ಬಿಡಿ. ಬಾಯಿ ತೆರೆದ ಮೂಟೆಯಲ್ಲಿ, ಸೆಕೆಗೆ, ತೇವಕ್ಕೆ ಪುಡಿಯ ಸತ್ವ ಹಾರಿಹೋಗುತ್ತದೆ. ಕಲಸಿದ ನೀರನ್ನು ದಿನಕ್ಕೊಮ್ಮೆ ಹೊಸದಾಗಿ ಮಾಡಬೇಕು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಡಾಕ್ಟರ್ ಸೆಮ್ಮೆಲ್‌ವೈಸ್, ಹೆಣ ಕೊಯ್ದು ಬರುವ ವೈದ್ಯರು ಮತ್ತು ವಿದ್ಯಾರ್ಥಿಗಳಿಂದ ಕೈ ತೊಳೆಸಿದ್ದೂ ಈ ಪುಡಿಯ ನೀರಿನಲ್ಲೇ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು.

ಕ್ಲೋರಿನ್ ನೀರಿಗೆ ಫಿನಾಯಿಲ್ ಬೆರೆಸಬೇಡಿ. ಶೌಚಾಲಯದ ಆ್ಯಸಿಡ್ ಜೊತೆಗಂತೂ ಎಂದಿಗೂ ಬೇಡ. ಹೊರಡುವ ಕ್ಲೋರಿನ್ ಗಾಳಿ ಉಸಿರು ಕಟ್ಟಿಸುತ್ತದೆ. ಕೊಳೆಯಿದ್ದಲ್ಲಿ ಕ್ಲೋರಿನ್ ನೀರು ಕೆಲಸ ಮಾಡದು, ಮೊದಲು ಸೋಪಿನಲ್ಲಿ ತೊಳೆಯಿರಿ.

ರಕ್ತ ಚೆಲ್ಲಿದಾಗ ಈ ಕ್ರಮ:

1. ಜನರನ್ನು ದೂರ ಸರಿಸಿ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ಗಾಜು, ಸೂಜಿ ಇದ್ದರೆ ಚಿಮಟದಿಂದ ಎತ್ತಿ.
2. ಹಳೆಯ ಬಟ್ಟೆ ಅಥವಾ ಕಾಗದ ಹಾಸಿ, ಅದರ ಮೇಲೆ ಶೇ. 1ರ ಹೈಪೋ ಅಂಚಿನಿಂದ ನಡುವಿಗೆ ಸುರಿಯಿರಿ.
3. ಕನಿಷ್ಠ 10 ನಿಮಿಷ ಬಿಡಿ. ರಕ್ತ ಹೆಚ್ಚಿದ್ದರೆ 20ರಿಂದ 30.
4. ಎಲ್ಲವನ್ನೂ ಒಟ್ಟಿಗೆ ಎತ್ತಿ ಹಳದಿ ಚೀಲಕ್ಕೆ ಹಾಕಿ. ಸೋಪು ನೀರಿನಿಂದ ಒರೆಸಿ, ಗ್ಲೌಸ್ ತೆಗೆದು ಕೈ ತೊಳೆಯಿರಿ.

ಇದಕ್ಕೆ ಬೇಕಾದ ಸಾಮಾನನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿ ಲೇಬರ್ ರೂಮಿನ ಬಾಗಿಲಲ್ಲೇ ಇಡಿ. ಹೆರಿಗೆಯ ಹೊತ್ತಿನಲ್ಲಿ ಸ್ಟೋರಿಗೆ ಓಡಲು ಯಾರಿಗೆ ಪುರುಸೊತ್ತು?

ಉಪಕರಣಗಳು

ತೊಳೆಯದ ಉಪಕರಣ, ಆವಿಯ ಶಾಖದಿಂದ ಕ್ರಿಮಿ ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಿಂದ ಬಂದರೂ ಶುದ್ಧವಲ್ಲ. ಒಣಗಿದ ರಕ್ತದ ಅಡಿಯಲ್ಲಿ ಕ್ರಿಮಿ ಬದುಕಿ ಉಳಿಯುತ್ತದೆ. ಬಳಸಿದ ತಕ್ಷಣ ಒದ್ದೆಯಾಗಿ ಇಟ್ಟು, ಡಿಟರ್ಜೆಂಟ್ ನೀರಿನಲ್ಲಿ ಮುಳುಗಿಸಿ, ಕೀಲುಗಳನ್ನು ಬಿಡಿಸಿ ಬ್ರಷ್‌ನಿಂದ ಉಜ್ಜಿ. ತೊಳೆಯುವ ಮೊದಲೇ ಕ್ಲೋರಿನ್ ನೀರಿನಲ್ಲಿ ನೆನೆಸುವ ಹಳೆಯ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಬೇಡವೆನ್ನುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ.

ಬಟ್ಟೆಯಲ್ಲಿ ಸುತ್ತಿದ ಸೆಟ್ ಅನ್ನು ಸಾದಾ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡಬೇಕು. ಆ ಶಾಖ ಮುಟ್ಟಿದ ಮೇಲೆ ಗಡಿಯಾರ ನೋಡಿ, ಸ್ವಿಚ್ ಹಾಕಿದಾಗಲ್ಲ. ಗಂಟುಗಳನ್ನಿಡುವ ಡ್ರಮ್ಮನ್ನು ಒತ್ತಿ ತುಂಬಿದರೆ ಆವಿ ಒಳಗೆ ಹೋಗದು. ಡ್ರಮ್ಮಿನ ತೂತುಗಳು ಒಳಗಿಡುವಾಗ ತೆರೆದಿರಲಿ, ಹೊರಬಂದೊಡನೆ ಮುಚ್ಚಲಿ. ಒದ್ದೆಯಾಗಿ ಬಂದ ಗಂಟು ಶುದ್ಧವಲ್ಲ, ಮತ್ತೆ ಹಾಕಿ. ಹೊರಗಿನ ಟೇಪ್ ಬಣ್ಣ ತಿರುಗಿದೆ ಎಂದರೆ ಶಾಖ ತಾಗಿದೆ ಎಂದಷ್ಟೇ. ಗಂಟಿನೊಳಗೂ ಒಂದು ಸೂಚಕ ಪಟ್ಟಿ ಇಡಿ. ಶಾಖಕ್ಕೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಬೀಜಾಣು ಸತ್ತಿದೆಯೇ ಎಂದು ನೋಡುವ ಪರೀಕ್ಷೆ ವಾರಕ್ಕೊಮ್ಮೆ ಆಗಲಿ.

ಗಾಳಿ

ಕ್ಷಯ, ದಡಾರದಂಥ ರೋಗಗಳು ಗಾಳಿಯಲ್ಲಿ ಹರಡುತ್ತವೆ. ಎದುರುಬದುರು ಕಿಟಕಿಗಳನ್ನು ತೆರೆದಿಡುವುದಕ್ಕಿಂತ ಅಗ್ಗದ ಔಷಧವಿಲ್ಲ. ಮೈಸೂರಿನ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ ಶುರುವಾದಾಗ ಕ್ಷಯಕ್ಕೆ ಮಾತ್ರೆ ಇರಲಿಲ್ಲ. ಗಾಳಿ, ಬಿಸಿಲು, ಒಳ್ಳೆಯ ಊಟವೇ ಆಗಿನ ಚಿಕಿತ್ಸೆ. ಹಳೆಯ ಆಸ್ಪತ್ರೆಗಳ ಎತ್ತರದ ಚಾವಣಿ, ಅಗಲ ಜಗಲಿ ಹಾಗೆ ಬಂದವು. ಫಾಲ್ಸ್ ಸೀಲಿಂಗ್ ಹೊಡೆಸಿ, ಎ.ಸಿ. ಹಾಕಿ ಕಿಟಕಿ ಮುಚ್ಚುವ ಮೊದಲು ಇದನ್ನು ಯೋಚಿಸಿ.

ಹೊರರೋಗಿ ಚೀಟಿ ಕೊಡುವ ಕೌಂಟರಿನಲ್ಲೇ ಕೇಳಿ: "ಎರಡು ವಾರದಿಂದ ಕೆಮ್ಮು ಇದೆಯಾ?" ಹೌದೆಂದವರಿಗೆ ಮಾಸ್ಕ್ ಕೊಟ್ಟು ಜಗಲಿಯಲ್ಲಿ ಕೂರಿಸಿ, ಸರದಿ ಕಾಯಿಸದೆ ಮೊದಲು ನೋಡಿ ಕಳಿಸಿ. ಡಾಕ್ಟರ ಕುರ್ಚಿ ಗಾಳಿ ಬರುವ ಕಿಟಕಿಯ ಬಳಿ, ರೋಗಿಯ ಸ್ಟೂಲ್ ಗಾಳಿ ಹೋಗುವ ಕಿಟಕಿಯ ಬಳಿ ಇರಲಿ. ಆರೈಕೆ ಮಾಡುವವರಿಗೆ ಎನ್-95 ಬೇಕು, ಮುಖಕ್ಕೆ ಅಂಟಿ ಕೂರಬೇಕು; ಗಡ್ಡವಿದ್ದರೆ ಕೂರುವುದಿಲ್ಲ.

2018ರ ಮೇ ತಿಂಗಳಲ್ಲಿ ನಮ್ಮ ನೆರೆಯ ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ವೈರಸ್ ಬಂದಾಗ ಬಹುಪಾಲು ಜನರಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳ ಒಳಗೇ. ಮೊದಲ ರೋಗಿಗೆ ಶುಶ್ರೂಷೆ ಮಾಡಿದ ಪೇರಾಂಬ್ರದ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ತೀರಿಕೊಂಡರು. ಆಗ ಅದು ಯಾವ ರೋಗವೆಂದು ಯಾರಿಗೂ ತಿಳಿದಿರಲಿಲ್ಲ. ರೋಗದ ಹೆಸರು ಗೊತ್ತಾಗುವ ತನಕ ಕಾಯಬೇಡಿ ಎನ್ನುವುದು ಇದಕ್ಕೇ. ಜ್ವರ, ಕೆಮ್ಮು ಇರುವ ಪ್ರತಿಯೊಬ್ಬರಿಗೂ ಬಂದ ಕ್ಷಣದಿಂದಲೇ ಮಾಸ್ಕ್, ಅಂತರ, ಕೈಶುಚಿ.

ಜೊತೆಗಿರುವ ಮನೆಯವರು

ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಊಟ ಮಾಡಿಸುವವರು, ಮೈ ಒರೆಸುವವರು, ಎಷ್ಟೋ ಸಲ ಮೂತ್ರದ ಚೀಲ ಖಾಲಿ ಮಾಡುವವರೂ ಮನೆಯವರೇ. ಅವರನ್ನು ಹೊರಗೆ ಅಟ್ಟಿದರೆ ಆ ಕೆಲಸ ಮಾಡುವ ಜನ ನಮ್ಮಲ್ಲಿಲ್ಲ. ಹಾಗಾಗಿ ಸೇರಿಸಿಕೊಳ್ಳುವ ದಿನವೇ ಒಬ್ಬರನ್ನು ಗೊತ್ತುಮಾಡಿ, ರಬ್ ಹೇಗೆ ಹಚ್ಚುವುದೆಂದು ಕೈ ಹಿಡಿದು ತೋರಿಸಿ. "ಅಮ್ಮಾ, ಪಕ್ಕದ ಮಂಚದ ಮೇಲೆ ಕೂರಬೇಡಿ. ಅವರಿಗೆ ನೀರು ಕೊಟ್ಟು ಸಹಾಯ ಮಾಡಿ, ಆದರೆ ಮುಟ್ಟಿದ ಮೇಲೆ ಕೈ ಶುಚಿ ಮಾಡ್ಕೊಂಡು ಬನ್ನಿ" ಎಂದು ಗೌರವದಿಂದ ಹೇಳಿದರೆ ಕೇಳದವರನ್ನು ನಾನು ಕಂಡಿದ್ದು ಕಡಿಮೆ.

ಬಾಣಂತಿ ವಾರ್ಡು ಕಷ್ಟದ ಜಾಗ. ಕೂಸು ನೋಡಲು ಊರೇ ಬರುತ್ತದೆ. ಎತ್ತಿಕೊಳ್ಳುವವರು, ಕೆನ್ನೆಗೆ ಮುತ್ತಿಡುವವರು, ಜೇನು ನೆಕ್ಕಿಸುವವರು. ಅಜ್ಜಿಯನ್ನೇ ಕಾವಲಿಗೆ ಇಡಿ. "ಅಜ್ಜೀ, ಕೈ ಶುಚಿ ಮಾಡ್ಕೊಳ್ಳದೇ ಯಾರೂ ಮಗೂನ ಮುಟ್ಟೋ ಹಾಗಿಲ್ಲ, ನೆಗಡಿ ಇದ್ದೋರು ಹತ್ತಿರ ಬರೋ ಹಾಗಿಲ್ಲ. ನಿಮ್ಮ ಜವಾಬ್ದಾರಿ" ಎಂದರೆ ಸಾಕು, ಮುಂದೆ ಅವರು ನಮಗಿಂತ ಕಟ್ಟುನಿಟ್ಟು. ಎದೆಹಾಲು ಬಿಟ್ಟು ಬೇರೇನೂ ಬಾಯಿಗೆ ಬೇಡ.

ಕಸ, ಲೆಕ್ಕ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಣ್ಣಗಳು ಎಲ್ಲರಿಗೂ ಗೊತ್ತು: ರಕ್ತ ತಾಗಿದ ಹತ್ತಿ, ಮಾಸು ಹಳದಿಗೆ, ಡ್ರಿಪ್ ಸೆಟ್, ಸೂಜಿಯಿಲ್ಲದ ಸಿರಿಂಜು, ಗ್ಲೌಸ್ ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ, ಗಾಜಿನ ಸೀಸೆ ನೀಲಿಗೆ. ಮುಕ್ಕಾಲು ತುಂಬಿದರೆ ಕಟ್ಟಬೇಕು, 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಬಣ್ಣ ಗೊತ್ತಿದ್ದೂ ತಪ್ಪಾಗುವುದು ಬಿಳಿ ಡಬ್ಬಿ ದೂರವಿರುವುದರಿಂದ. ಅದು ಟ್ರಾಲಿಯ ಮೇಲೆಯೇ ಇರಲಿ.

ತಿಂಗಳಿಗೊಮ್ಮೆ ಮೊದಲ ದಿನದಂತೆ ಮತ್ತೆ ಕುರ್ಚಿ ಹಾಕಿ ಕೂತು ನೋಡಿ. ಕೈ ಶುಚಿ ಮಾಡಬೇಕಾದ ನೂರು ಗಳಿಗೆಯಲ್ಲಿ ಎಷ್ಟು ಸಲ ಮಾಡಿದರು ಎಂದು ಎಣಿಸಿ, ಹೆಸರು ಬರೆಯದೆ ಸಂಖ್ಯೆಯನ್ನಷ್ಟೇ ಡ್ಯೂಟಿ ಕೋಣೆಯಲ್ಲಿ ಹಾಕಿ. ಸಿಸೇರಿಯನ್ ಆದವರಲ್ಲಿ ಎಷ್ಟು ಜನಕ್ಕೆ ಕೀವಾಯಿತು ಎಂದೂ ಬರೆಯಿರಿ. ಹೊಲಿಗೆ ಬಿಚ್ಚಿ ಮನೆಗೆ ಹೋದವರಿಗೆ 30 ದಿನದೊಳಗೆ ಆಶಾ ಕಾರ್ಯಕರ್ತೆಯರ ಮೂಲಕ ಒಮ್ಮೆ ವಿಚಾರಿಸಿ. ಎಷ್ಟೋ ಗಾಯಗಳು ಮನೆಯಲ್ಲೇ ಬಾಯಿ ಬಿಡುತ್ತವೆ.

ಸೂಜಿ ನಿಮಗೇ ಚುಚ್ಚಿದರೆ

ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗುವಾಗ ಎಷ್ಟೋ ಸಲ ಚುಚ್ಚುತ್ತದೆ. ಹಾಕಬೇಡಿ, ನೇರವಾಗಿ ಡಬ್ಬಿಗೆ ಬಿಡಿ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗಿಡಬೇಡಿ, ಸ್ಪಿರಿಟ್ ಸುರಿಯಬೇಡಿ. ಕಣ್ಣಿಗೆ ರಕ್ತ ಹಾರಿದರೆ ಬರಿ ನೀರಿನಿಂದ ತೊಳೆಯುತ್ತಲೇ ಇರಿ. ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಟ್ಟು ವರ್ಷಗಟ್ಟಲೆ ಒಳಗೊಳಗೇ ಕೊರಗಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಮೇಲಿನವರು ಆ ಹೊತ್ತಿನಲ್ಲಿ ಒಂದು ಮಾತೂ ಬೈಯಬಾರದು.

ಎಚ್.ಐ.ವಿ. ಇರುವವರ ಸೂಜಿ ಚುಚ್ಚಿದಾಗ ಸೋಂಕು ತಗುಲುವುದು ಸಾವಿರಕ್ಕೆ ಸುಮಾರು 3 ಸಲ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ಆ ವೈರಸ್ ನೂರಕ್ಕೆ 30ರವರೆಗೂ ತಗುಲಬಹುದು. ಆದ್ದರಿಂದ ಕೆಲಸಕ್ಕೆ ಸೇರುವಾಗಲೇ 0, 1, 6ನೇ ತಿಂಗಳ ಮೂರು ಡೋಸ್ ಆಗಬೇಕು, ಕಸ ಎತ್ತುವವರಿಗೂ ಗುತ್ತಿಗೆ ನೌಕರರಿಗೂ. ಕೊನೆಯ ಡೋಸಿನ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಕ್ಷಣೆ ಬಂದಿದೆಯೇ ನೋಡಿ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರುಮಾಡುವುದು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ಬಿಡದೆ ನುಂಗಬೇಕು.

ಆ ಮಾತ್ರೆ ಸಾಮಾನ್ಯವಾಗಿ ಬೀರುವಿನಲ್ಲಿರುತ್ತದೆ. ಸೂಜಿ ಚುಚ್ಚುವುದು ಬೆಳಗಿನ ಜಾವ ಎರಡಕ್ಕೂ ಆಗಬಹುದು. ಬೀರುವಿನ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಅದು ಮನೆಗೆ ಹೋಗುತ್ತಿದ್ದರೆ, ಮೊದಲ ದಿನಗಳ ಮಾತ್ರೆಯ ಒಂದು ಪೊಟ್ಟಣವನ್ನು ಕ್ಯಾಷುವಾಲಿಟಿಯಲ್ಲಿ ಇಡಿಸಿ, ಡ್ಯೂಟಿ ಡಾಕ್ಟರ ಮೇಜಿನ ಮೇಲ್ಭಾಗದ ಡ್ರಾಯರಿನಲ್ಲಿ.